ಹದಿನಾಲ್ಕನೆಯ ಪುಟದ ಸಾಕ್ಷಿ

ಕಂತು ಏಳು

ಫೈಲಿನ ಹದಿನಾಲ್ಕನೆಯ ಪುಟವನ್ನು ಅನುರಾಧಾ ಶಾಲೆಯಂಗಳದ ಬೆಂಚಿನ ಮೇಲೆ ಕೂತು ನಾಲ್ಕನೆಯ ಸಲ ಓದಿದಳು. ನಾಲ್ಕನೆಯ ಸಲವೂ ಅದು ಪೂರ್ವಿಯ ಕತ್ತಿಗೇ ಬಂದು ನಿಂತಿತು.

ಗಂಟೆ ಮೂರು ಹತ್ತು. ನಾಲ್ಕಕ್ಕೆ ಸಭೆ. ಪೂರಿರಿ ಕ್ರೆಸೆಂಟ್ ಶಾಲೆಯಲ್ಲಿ ಚಿತ್ರಕಲೆಯ ಸಾಮಾನಿಡುವ ಆರ್ಟ್ ಸ್ಟೋರಿಗೆ ಬೆಂಕಿ ಬಿದ್ದು, ಹನ್ನೆರಡು ವರ್ಷದ ಪೂರ್ವಿಯನ್ನು ಪ್ರಿನ್ಸಿಪಾಲರು ಅಮಾನತು ಮಾಡಿ, ಇವತ್ತಿಗೆ ಏಳನೆಯ ಶಾಲಾದಿನ. ಆ ಏಳು ದಿನ ಮುಗಿಯುವುದರೊಳಗೆ ಬೋರ್ಡು ತೀರ್ಮಾನ ಹೇಳಬೇಕು. ಹುಡುಗಿ ವಾಪಸ್ ಬರುತ್ತಾಳೆ, ಇಲ್ಲವೇ ಹೆಸರು ಹೊಡೆದು ಆಚೆ ಕಳಿಸುತ್ತಾರೆ.

ಬೋರ್ಡು ಎಂದರೆ ಸೂಟು ಬೂಟಿನ ದೊಡ್ಡ ಅಧಿಕಾರಿಗಳೇನಲ್ಲ. ಮಕ್ಕಳ ಅಪ್ಪ ಅಮ್ಮಂದಿರು ಓಟು ಹಾಕಿ ಆರಿಸಿದ ಒಂದಷ್ಟು ಅಪ್ಪ ಅಮ್ಮಂದಿರು, ಕೆಲಸ ಮುಗಿಸಿ ಹಸಿದುಕೊಂಡು ಓಡಿಬಂದು ಸ್ಟಾಫ್ ರೂಮಿನಲ್ಲಿ ಬಿಸ್ಕತ್ತು ತಿಂದು ಶಾಲೆ ನಡೆಸುವವರು. ಅವರಲ್ಲಿ ಮೂವರದ್ದು ಶಿಸ್ತು ಸಮಿತಿ. ಆ ಮೂವರು ಹೆಲೆನ್, ಟೆವಿತಾ ಮತ್ತು ಅನುರಾಧಾ. ಮೈಸೂರಿನಲ್ಲಿ ನರ್ಸಿಂಗ್ ಓದಿ, ಆಕ್ಲೆಂಡಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹದಿಮೂರು ವರ್ಷದಿಂದ ದುಡಿಯುತ್ತಿರುವವಳಿಗೆ ರಕ್ತ ಕಂಡರೆ ಹೆದರಿಕೆಯಿಲ್ಲ. ಈ ಫೈಲು ಕಂಡರೆ ಮಾತ್ರ ಬೆಳಗಿನಿಂದ ಹೆದರಿಕೆ.

ಮನೆಯಲ್ಲೇ ಓದಿ ಬರಬೇಕಿತ್ತು. ಆದರೆ ಬೆಳಿಗ್ಗೆ ಗಂಡ ಹರಿಪ್ರಸಾದನ ಎಡ ಮಣಿಕಟ್ಟಿನ ಸುಟ್ಟ ಗಾಯಕ್ಕೆ ಪಟ್ಟಿ ಬದಲಾಯಿಸಬೇಕಾಯಿತು. ಪೆನ್‌ರೋಸಿನ ಗೋದಾಮಿನಲ್ಲಿ ಪ್ಲಾಸ್ಟಿಕ್ ಸುತ್ತುವ ಯಂತ್ರ ತಗುಲಿತ್ತಂತೆ, ಹೋದ ವಾರ. ಅದು ಮುಗಿಯುತ್ತಲೇ ಅವನು ತನ್ನ ಪಾಸ್‌ಪೋರ್ಟ್ ಎಲ್ಲಿದೆಯೆಂದು ಇಡೀ ಮನೆ ತಲೆಕೆಳಗು ಮಾಡಿದ. ಊರಿನಲ್ಲಿ ಹತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು ಇಲ್ಲಿ ಡಬ್ಬಿ ಹೊರುತ್ತಾನೆ. ಇಲ್ಲಿನ ಲೈಸೆನ್ಸಿನ ಅರ್ಜಿ ಆರು ತಿಂಗಳಿಂದ ಬಾಕಿಯಿದೆ. ಅದಕ್ಕೇ ಇರಬೇಕು ಪಾಸ್‌ಪೋರ್ಟು ಎಂದುಕೊಂಡು ಅವಳೇ ಹುಡುಕಿಕೊಟ್ಟಿದ್ದಳು.

ಅವಳು ಮತ್ತೆ ಫೈಲಿಗೆ ಬಂದಳು.

ಮೊದಲು ವಸುಂಧರಾ ಅವರ ಹೇಳಿಕೆ. ಧಾರವಾಡದ ಕಡೆಯವರು, ಇಲ್ಲಿ ಟೀಚರ್ ಏಡ್, ಅಂದರೆ ತರಗತಿಯ ಸಹಾಯಕಿ; ಆರ್ಟ್ ಸ್ಟೋರಿನ ಜವಾಬ್ದಾರಿ ಅವರದೇ. ‘ಮಂಗಳವಾರ ಮೂರು ಐದಕ್ಕೆ ಬೀಗದಕೈಯನ್ನು ಪೂರ್ವಿಗೆ ಕೊಟ್ಟು, ಬ್ರಷ್ ತೊಳೆದು ಬೀಗ ಹಾಕು ಅಂದು, ಸ್ಟಾಫ್ ರೂಮಿಗೆ ಹೋದೆ. ಮೂರು ಇಪ್ಪತ್ತಾದರೂ ಬರಲಿಲ್ಲವೆಂದು ನೋಡಲು ವಾಪಸ್ ಬಂದೆ. ಆಗ ಹೊಗೆ.’

ಆಮೇಲೆ ಪೂರ್ವಿಯದು, ಎರಡೇ ಸಾಲು. ‘ಮೂರು ಹತ್ತಕ್ಕೇ ಕೀ ವಾಪಸ್ ಕೊಟ್ಟೆ. ಗೇಟಿಗೆ ಹೋಗಿ ನಿಂತೆ.’ ಗೇಟಿನಲ್ಲಿ ಅವಳನ್ನು ನೋಡಿದವರು ಯಾರೂ ಇಲ್ಲ. ನೂರು ಮಕ್ಕಳ ನಡುವೆಯೂ ಕಣ್ಣಿಗೆ ಬೀಳದೆ ನಿಲ್ಲುವ ಹುಡುಗಿ ಅವಳು. ಅವಳ ಬ್ಯಾಗಿನಲ್ಲಿ ಲೈಟರ್ ಸಿಕ್ಕಿತ್ತು. ದೀಪಾವಳಿ ಅಸೆಂಬ್ಲಿಯ ರಿಹರ್ಸಲ್ಲಿಗೆ ವಸುಂಧರಾ ಆಂಟಿಯೇ ತರಲು ಹೇಳಿದ್ದು ಎನ್ನುತ್ತಾಳೆ. ತಾನು ಹೇಳಿದ್ದು ಬ್ಯಾಟರಿ ದೀಪ ಎನ್ನುತ್ತಾರೆ ವಸುಂಧರಾ.

ಇಬ್ಬರಲ್ಲಿ ಯಾರ ಮಾತು ನಿಜ? ಅದನ್ನು ತೀರ್ಮಾನಿಸಿದ್ದೇ ಹದಿನಾಲ್ಕನೆಯ ಪುಟ. ಏಳು ವರ್ಷದ ಅನನ್ಯಾ ಆವತ್ತು ಆರ್ಟ್ ಸ್ಟೋರಿನ ಎದುರಿಗೇ ಬೆಂಚಿನ ಮೇಲೆ ಅಮ್ಮನಿಗೆ ಕಾಯುತ್ತ ಕೂತಿದ್ದಳು. ಗಡಿಯಾರ ನೋಡಲು ಹೊಸದಾಗಿ ಕಲಿತವಳು, ದೊಡ್ಡ ಮುಳ್ಳು ನಾಲ್ಕರ ಮೇಲಿತ್ತು ಎಂದು ಖಡಾಖಂಡಿತವಾಗಿ ಹೇಳಿದ್ದಳು. ಡೆಪ್ಯುಟಿ ಪ್ರಿನ್ಸಿಪಾಲ್ ಹಾಗೇ ಬರೆದುಕೊಂಡಿದ್ದರು. ‘ವಸುಂಧರಾ ಆಂಟಿ ಬಾಗಿಲಲ್ಲಿದ್ದರು. ಐ ಆ್ಯಮ್ ಕಮಿಂಗ್ ಅಂದರು. ಆಮೇಲೆ ಹೊಗೆ ಬಂತು.’

ಪಕ್ಕದಲ್ಲಿ ಪೆನ್ಸಿಲಿನಿಂದ ಸಮಿತಿಯ ಅಧ್ಯಕ್ಷೆ ಹೆಲೆನ್‌ಳ ದುಂಡಗಿನ ಅಕ್ಷರ: ‘ಹೊರಗಿನಿಂದ ಒಳಗೆ ಬರುತ್ತಿದ್ದರು. ವಸುಂಧರಾ ಹೇಳಿಕೆಗೆ ಸರಿಹೊಂದುತ್ತದೆ.’

ಅಲ್ಲಿಗೆ ಮುಗಿಯಿತು. ಹೊರಗೆ ವಸುಂಧರಾ, ಒಳಗೆ ಪೂರ್ವಿ, ಕೈಯಲ್ಲಿ ಲೈಟರ್. ಅಗ್ನಿಶಾಮಕದವರ ವರದಿ ಬರುವುದು ಮುಂದಿನ ವಾರ. ಏಳು ದಿನದ ಲೆಕ್ಕ ಅದಕ್ಕಾಗಿ ಕಾಯುವುದಿಲ್ಲ.

ಅನುರಾಧಾ ಪುಟ ತಿರುವಿದಳು. ಬೆಂಕಿಯ ಮಾರನೆಯ ದಿನ ತೆಗೆದ ಫೋಟೋಗಳು. ಸುಟ್ಟ ಕಾಗದದ ಕಪಾಟು. ಮಸಿ ಹಿಡಿದ ಗೋಡೆ. ಮೂಲೆಯಲ್ಲಿ ಮಣ್ಣು ಸುಡುವ ವಿದ್ಯುತ್ ಕುಲುಮೆ, ಅದರ ಕೊರಳಲ್ಲಿ ‘ಬಳಸಬಾರದು’ ಎಂಬ ಹಳದಿ ಚೀಟಿ. ವೈರಿಂಗ್ ಹಳೆಯದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಮುಟ್ಟಕೂಡದು ಎಂದು ಆಗಸ್ಟಿನಲ್ಲಿ ಬೋರ್ಡು ಠರಾವು ಮಾಡಿತ್ತು. ಮಂಡಿಸಿದವಳು ಅನುರಾಧಾಳೇ. ಬೆಂಕಿ ತಾಗದ ಎದುರು ಗೋಡೆಯ ಕಪಾಟಿನಲ್ಲಿ ಮಕ್ಕಳು ದೀಪಾವಳಿಗೆಂದು ಮಾಡಿದ ಹಣತೆಗಳ ಸಾಲು.

ಮೇಲಿನ ಸಾಲಿನ ಹಣತೆಗಳು ಬೂದು ಬಣ್ಣಕ್ಕಿದ್ದವು. ಕೆಳಗಿನವು ಕೆಂಪಗಿದ್ದವು. ಅದರಲ್ಲಿ ಏನೋ ಇದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ.

“ಅನು! ಏನೇ ಇಲ್ಲಿ ಒಬ್ಳೇ ಕೂತಿದೀಯಾ?”

ತಲೆಯೆತ್ತಿದರೆ ರಮಾ, ಅನನ್ಯಾಳ ತಾಯಿ, ಮಗಳ ಕೈ ಹಿಡಿದುಕೊಂಡು ನಿಂತಿದ್ದಳು. ಅನುರಾಧಾ ಫೈಲನ್ನು ಎದೆಗೆ ಒತ್ತಿಕೊಂಡಳು. ಸಮಿತಿಯವರು ಸಾಕ್ಷಿಗಳ ಜೊತೆ ಪ್ರಕರಣದ ಮಾತಾಡಕೂಡದು. ಆಡಿದ್ದು ಗೊತ್ತಾದರೆ ಕುರ್ಚಿ ಬಿಟ್ಟು ಏಳಬೇಕು. ಹಾಗಾಗಿ ಅವಳು ಹವಾಮಾನದ ಮಾತಾಡಿದಳು. ಆಕ್ಲೆಂಡಿನಲ್ಲಿ ಅದಕ್ಕೆ ಯಾವತ್ತೂ ಬರವಿಲ್ಲ.

“ಸರಿ ಅನು, ಇವಳನ್ನ ಸ್ವಿಮ್ಮಿಂಗ್‌ಗೆ ಬಿಡ್ಬೇಕು. ಬರ್ತೀನಿ ಕಣೇ.”

ಅನನ್ಯಾ ಅಮ್ಮನ ಕೈ ಜಗ್ಗಿದಳು. “ಮಮ್, ವಿ ಆರ್ ಗೋಯಿಂಗ್! ವೈ ಡು ಯು ಆಲ್ವೇಸ್ ಸೇ ಕಮಿಂಗ್?”

“ಹೋಗ್ತೀನಿ ಅನ್ನಬಾರ್ದು ಪುಟ್ಟ. ಹೋಗೋವಾಗ್ಲೂ ಬರ್ತೀನಿ ಅಂತಾನೇ ಅನ್ನೋದು ನಾವು.”

“ದಟ್ಸ್ ಸೋ ವಿಯರ್ಡ್,” ಎಂದಳು ಅನನ್ಯಾ. “ವಸುಂಧರಾ ಆಂಟಿ ಡಸ್ ಇಟ್ ಟೂ.”

ಅನುರಾಧಾ ತಟ್ಟನೆ ಮಗುವಿನ ಕಡೆ ತಿರುಗಿದಳು. ಕೇಳಬಾರದು, ಕೇಳಬಾರದು ಎಂದು ಒಳಗೆ ಯಾರೋ ಹೇಳುತ್ತಿದ್ದರು. ಅಷ್ಟರಲ್ಲಿ ಬಾಯಿ ಕೇಳಿಯೇಬಿಟ್ಟಿತು.

“ವಸುಂಧರಾ ಆಂಟಿ ಹೇಗೆ ಹೇಳ್ತಾರೆ ಪುಟ್ಟಿ? ಇಂಗ್ಲಿಷಲ್ಲೋ, ಕನ್ನಡದಲ್ಲೋ?”

“ಕನ್ನಡ. ಲೈಕ್ ಎ ಸಾಂಗ್.” ಅನನ್ಯಾ ಕತ್ತು ಓರೆ ಮಾಡಿ, ವಸುಂಧರಾ ಅವರ ರಾಗವನ್ನೇ ಎಳೆದು ತೋರಿಸಿದಳು. “ಬರ್ತೇನ್‌ರೀ! ಆ್ಯಂಡ್ ಶಿ ಹ್ಯಾಡ್ ಹರ್ ಬ್ಯಾಗ್ ಆನ್, ಆ್ಯಂಡ್ ಹರ್ ಅಂಬ್ರೆಲಾ. ದಟ್ ಡೇ.”

ರಮಾಳ ಮುಖ ಕಪ್ಪಿಟ್ಟಿತು. “ಅನು, ಇದು ಆ ವಿಷಯಾನಾ? ಬೇಡಮ್ಮಾ, ಮಗೂನ ಇನ್ನು ಎಳೀಬೇಡಿ,” ಎಂದು ಮಗಳನ್ನು ದರದರ ಎಳೆದುಕೊಂಡು ಕಾರಿನ ಕಡೆ ಹೊರಟೇ ಹೋದಳು. ಈ ಸಲ ಬರ್ತೀನಿ ಎನ್ನಲಿಲ್ಲ.

ಅನುರಾಧಾ ಬೆಂಚಿನ ಮೇಲೆ ಹಾಗೇ ಕೂತಳು. ಆರ್ಟ್ ಸ್ಟೋರಿನ ಬಾಗಿಲಲ್ಲಿ ವಸುಂಧರಾ, ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಕೊಡೆ. ಇದು ಬರುವವರ ವೇಷವೇ? ಇಡೀ ಫೈಲನ್ನು ಹೊತ್ತು ನಿಂತಿದ್ದ ಒಂದು ಮಾತನ್ನು ಒಂದು ಪುಟ್ಟ ಹುಡುಗಿ ತನಗೆ ತಿಳಿದಂತೆ ಇಂಗ್ಲಿಷ್ ಮಾಡಿದ್ದಳು. ಅದನ್ನು ಓದಿದ ದೊಡ್ಡವರಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಬರುತ್ತಿದ್ದ ಒಬ್ಬಳೇ ಒಬ್ಬಳು, ಅಂದರೆ ತಾನು, ನಾಲ್ಕು ಸಲ ಓದಿಯೂ ಹೊಳೆಯದೆ ಕೂತಿದ್ದಳು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮೂರು ಇಪ್ಪತ್ತಕ್ಕೆ ವಸುಂಧರಾ ಒಳಗೆ ಬರುತ್ತಿರಲಿಲ್ಲ. ಹೊರಗೆ ಹೋಗುತ್ತಿದ್ದರು.

ಅಷ್ಟೇ ಅಲ್ಲ. ಬರ್ತೇನ್ರಿ ಎಂದಿದ್ದರು. ಧಾರವಾಡದವರು ಬಾಯಿ ತುಂಬ ‘ರೀ’ ಹಚ್ಚುತ್ತಾರೆ ನಿಜ. ಆದರೆ ಅದನ್ನು ದೊಡ್ಡವರಿಗೆ ಹಚ್ಚುತ್ತಾರೆ, ಆರನೆಯ ಕ್ಲಾಸಿನ ವಯಸ್ಸಿನ ಹುಡುಗಿಗಲ್ಲ. ಒಳಗಿದ್ದದ್ದು ಪೂರ್ವಿಯಲ್ಲ. ಕನ್ನಡ ತಿಳಿಯುವ ದೊಡ್ಡವರು ಯಾರೋ.

ಯಾರು? ಶಾಲೆಗೆ ಬಂದುಹೋಗುವ ಕನ್ನಡದವರೇ ಬೆರಳೆಣಿಕೆ. ಆ ಹೊತ್ತಿಗೆ ರಮಾ ಟ್ರಾಫಿಕ್ಕಿನಲ್ಲಿದ್ದಳು. ಪೂರ್ವಿಯ ತಾಯಿ ಡಾಕ್ಟರ್ ಹರ್ಷಿಣಿ ತಮ್ಮ ಆಸ್ಪತ್ರೆಯ ವಾರ್ಡಿನಲ್ಲಿದ್ದದ್ದನ್ನು ಅನುರಾಧಾ ಕಣ್ಣಾರೆ ನೋಡಿದ್ದಳು.

ಆಗ ಕೆಂಪು ಹಣತೆ ನೆನಪಾಯಿತು. ಹಸಿ ಮಣ್ಣು ಒಣಗಿದರೆ ಬೂದು, ಸುಟ್ಟರೆ ಕೆಂಪು. ಆಗಸ್ಟಿನಿಂದ ಮುಟ್ಟದ ಕುಲುಮೆಯಲ್ಲಿ ಅಕ್ಟೋಬರಿನ ಹಣತೆ ಕೆಂಪಾದದ್ದು ಹೇಗೆ?

ಗಂಟೆ ಮೂರು ಇಪ್ಪತ್ತು. ದೊಡ್ಡ ಮುಳ್ಳು ನಾಲ್ಕರ ಮೇಲೆ. ಅವಳು ಎದ್ದು ವಸುಂಧರಾ ಇರುವ ಒಂಬತ್ತನೆಯ ನಂಬರಿನ ಕೋಣೆಯ ಕಡೆ ನಡೆದಳು. ಹೆಲೆನ್ ನೋಡಿದರೆ ಕಥೆ ಮುಗಿಯಿತು ಎಂದು ಹೆಜ್ಜೆಹೆಜ್ಜೆಗೂ ಅನ್ನಿಸುತ್ತಿತ್ತು.

ವಸುಂಧರಾ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತು, ಉಳಿದ ಹಣತೆಗಳನ್ನು ಒಂದೊಂದಾಗಿ ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ಅನುರಾಧಾಳ ಮಗಳು ಸಂಯುಕ್ತಾ ಹುಟ್ಟಿದಾಗ ಹದಿನೈದು ದಿನ ಬಾಣಂತಿಗೆ ಊಟ ಕಟ್ಟಿ ತಂದುಕೊಟ್ಟ ಕೈ ಅದು.

“ಬರ್ರಿ ಅನುರಾಧಾ. ಕಮಿಟಿಯವ್ರು ನಮ್ಮ ಕೂಡ ಮಾತಾಡೋ ಹಾಂಗಿಲ್ಲಂತಲ್ರಿ? ಹೆಲೆನ್ ಹೇಳಿದ್ರು.”

“ಮಾತಾಡ್ಬಾರ್ದು. ಗೊತ್ತು.” ಅನುರಾಧಾ ಬಾಗಿಲು ಹಾಕಿಕೊಂಡಳು. “ಆವತ್ತು ಸ್ಟೋರಿನ ಬಾಗಿಲಲ್ಲಿ ನೀವು ಏನಂದ್ರಿ?”

“ಬರ್ತೇನಿ ಅಂದೆ. ವಾಪಸ್ ಬಂದೆ ಅಂತ ಬರದೂ ಕೊಟ್ಟೇನಲ್ಲ. ಹುಡುಗಿ ಒಳಗಿದ್ಲು.”

“ಪೂರ್ವಿ ಜೊತೆ ನೀವು ಕನ್ನಡ ಮಾತಾಡ್ತೀರಾ?”

“ಮಾತಾಡ್ತೇನ್ರಿ. ಆಕಿ ಇಂಗ್ಲಿಷಿನಾಗ ಉತ್ತರಾ ಕೊಡ್ತಾಳ, ಆ ಮಾತು ಬ್ಯಾರೆ.”

“ಅವಳನ್ನ ‘ರೀ’ ಅಂತೀರಾ?”

“ಅಯ್ಯ, ಅಷ್ಟು ಸಣ್ಣ ಹುಡುಗಿಗೆ ಯಾರರೆ ‘ರೀ’ ಅಂತಾರೇನ್ರಿ?” ಎಂದು ವಸುಂಧರಾ ನಕ್ಕರು. ನಗು ಅರ್ಧಕ್ಕೆ ನಿಂತಿತು. ಪೇಪರು ಸುತ್ತುತ್ತಿದ್ದ ಕೈಯೂ ನಿಂತಿತು.

“ಅದನ್ನೇ ನಾನೂ ಕೇಳ್ತಿರೋದು,” ಎಂದಳು ಅನುರಾಧಾ. “ಅನನ್ಯಾ ಕೇಳಿಸ್ಕೊಂಡಿದ್ದು ‘ಬರ್ತೇನ್ರಿ’. ನಿಮ್ಮ ಹೆಗಲಲ್ಲಿ ಬ್ಯಾಗಿತ್ತು, ಕೈಲಿ ಕೊಡೆ ಇತ್ತು. ನೀವು ಒಳಗೆ ಬರ್ತಿರ್ಲಿಲ್ಲ. ಒಳಗಿದ್ದ ಯಾರಿಗೋ ಹೇಳಿ ಹೊರಡ್ತಿದ್ರಿ.”

“ಸಣ್ಣ ಕೂಸು. ಏನರೆ ತಪ್ಪು ಕೇಳಿರ್ತದ.”

ಅನುರಾಧಾ ಡಬ್ಬಿಗೆ ಕೈಹಾಕಿ ಒಂದು ಹಣತೆ ತೆಗೆದಳು. ಕೆಂಪಗಿತ್ತು. ಉಗುರಿನಿಂದ ತಟ್ಟಿದರೆ ಠಣ್ ಎಂದಿತು. “ಇದು ತಪ್ಪು ಕೇಳಿಸ್ತಿಲ್ಲ. ಇದನ್ನ ಎಲ್ಲಿ ಸುಟ್ರಿ?”

ಕಿಟಕಿಯಾಚೆ ಉಳಿದ ಮಕ್ಕಳು ಚೆಂಡು ಒದೆಯುತ್ತಿದ್ದರು. ವಸುಂಧರಾ ಕನ್ನಡಕ ತೆಗೆದು, ಸೆರಗಿಲ್ಲದೆ ಕಾರ್ಡಿಗನ್ನಿನ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು.

“ಅರವತ್ತು ಮಕ್ಕಳು ಮಾಡಿದ ದೀಪ್ರಿ ಅವು,” ಎಂದರು ಕೊನೆಗೆ. “ಪ್ರತಿಯೊಂದರ ಕೆಳಗ ಒಂದೊಂದು ಕೂಸಿನ ಹೆಸರು. ನಿಮ್ಮ ಬೋರ್ಡಿನವ್ರು ಚೀಟಿ ಕಟ್ಟಿ ಹೋದ್ರಿ. ಎಲೆಕ್ಟ್ರಿಷಿಯನ್ ಬರ್ತಾನ, ಬರ್ತಾನ ಅಂದ್ರಿ. ಆಗಸ್ಟ್ ಹೋತು, ಸೆಪ್ಟೆಂಬರ್ ಹೋತು. ದೀಪಾವಳಿ ಯಾರಿಗೆ ಕಾಯ್ತದ? ನಮ್ಮವ್ರೇ ಒಬ್ರು ಕೆಲಸಾ ಬಲ್ಲವ್ರು ಇದ್ರು. ಕೇಳಿದೆ. ಪಾಪ, ಇಲ್ಲ ಅನ್ಲಿಲ್ಲ. ಶನಿವಾರ ಬಂದು ವೈರ್ ಸರಿ ಮಾಡಿದ್ರು. ಒಂದು ಸಾಲು ಸುಟ್ಟ್ವಿ, ಚಲೋ ಬಂತು. ಮಂಗಳವಾರ ಎರಡನೇದು ಹಚ್ಚೋವಾಗ ವಾಸನಿ ಬರ್ತದ ಅಂತ ಮತ್ತ ಕರದೆ. ಅವ್ರು ಬಗ್ಗಿ ನೋಡ್ಕೋತಿದ್ರು. ನಾ ಬರ್ತೇನ್ರಿ, ಬಾಗಲಾ ಎಳಕೊಂಡು ಹೋಗ್ರಿ ಅಂತ ಹೇಳಿ ಸ್ಟಾಫ್ ರೂಮಿಗೆ ಹೋದೆ. ಐದು ನಿಮಿಷ ಆಗಿಲ್ರಿ, ವೈರಿನ ಕಿಡಿ ಕಾಗದಕ್ಕ ಹಾರಿತ್ತು. ಹೊಗಿ.”

“ಅವರೇನಾದ್ರು?”

“ಹಿಂದಿನ ಬಾಗಲದಿಂದ ಹೋದ್ರು. ಹೋಗೋಕಿಂತ ಮೊದಲ ಪ್ಲಗ್ ಕಿತ್ತು, ಚೀಟಿ ಮತ್ತ ಕಟ್ಟಿ ಹೋಗಿದ್ರು.”

“ಹಂಗಾದ್ರೆ ಪೂರ್ವಿ?” ಅನುರಾಧಾಳ ದನಿ ಏರಿತು. “ಹನ್ನೆರಡು ವರ್ಷದ ಮಗು ಮೇಲೆ ಹಾಕಿ ಸುಮ್ನಿದೀರಲ್ಲ ವಸುಂಧರಾ! ಕೀ ಅವಳು ನಿಮ್ಮ ಕೈಲೇ ಕೊಟ್ಟಿದ್ಳು. ಲೈಟರ್ ತರೋಕೆ ಹೇಳಿದ್ದೂ ನೀವೇ, ಅಲ್ವಾ?”

ವಸುಂಧರಾ ಅತ್ತರು. ಶಬ್ದವಿಲ್ಲದೆ, ಮೂಗು ಕೆಂಪಾಗುವಂತೆ ಅತ್ತರು. “ಆಕಿ ಮ್ಯಾಲೆ ಬರ್ತದಂತ ಕನಸಿನಾಗೂ ಅನ್ಕೊಂಡಿರ್ಲಿಲ್ರಿ. ಪ್ರಿನ್ಸಿಪಾಲ್ ಬ್ಯಾಗ್ ತಗದ್ರು, ಲೈಟರ್ ಬಿತ್ತು. ಆ ಒಂದು ಗಳಿಗಿ ನಾ ಬಾಯಿ ಮುಚ್ಕೊಂಡೆ. ಆಮ್ಯಾಲೆ ತಗೀಲಿಕ್ಕೆ ಆಗ್ಲಿಲ್ಲ. ನನ್ನ ವೀಸಾ ಈ ನೌಕರಿ ಮ್ಯಾಲೆ ನಿಂತದ. ಇನ್ನೂ ರೆಸಿಡೆನ್ಸ್ ಬಂದಿಲ್ಲ.”

“ಸಭೇಲಿ ನಿಜ ಹೇಳಿ.”

“ಹೇಳಂಗಿಲ್ರಿ. ಬರದು ಕೊಟ್ಟದ್ದನ್ನೇ ಹೇಳ್ತೇನಿ. ನನ್ನ ಕಡೆ ಆಗೂದಿಲ್ಲ.”

“ಹಾಗಾದ್ರೆ ನಾನು ಹೇಳ್ತೀನಿ. ರಿಪೇರಿ ಮಾಡಿದವರು ಯಾರು?”

“ಕೇಳಬ್ಯಾಡ್ರಿ.”

“ಯಾರು ಅಂತ ಹೇಳಿ ವಸುಂಧರಾ!”

“ಅವರ ಹೆಸರು ಹೇಳಿದ್ರ ನೀವು ಆ ಟೇಬಲ್ ಮುಂದ ಕೂಡೋ ಹಾಂಗಿಲ್ಲ. ಎದ್ದು ಹೊರಗ ಹೋಗಬೇಕಾಗ್ತದ. ನೀವು ಹೋದ್ರ ಉಳಿಯೋರು ಹೆಲೆನ್, ಟೆವಿತಾ. ಅವ್ರು ಹುಡುಗೀನ ತಗದ ಹಾಕ್ತಾರ. ಅದಕ್ಕ ಹೇಳ್ತೇನಿ, ಕೇಳಬ್ಯಾಡ್ರಿ.”

ಅನುರಾಧಾಳಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದು ಬೇಡವಾಗಿತ್ತು. ತನಗೂ ಆ ಹೆಸರಿಗೂ ಏನು ಸಂಬಂಧ ಎಂದು ಕೇಳಲು ಬಾಯಿ ತೆರೆದಳು. ಬಾಗಿಲಿನ ಗಾಜಿನ ಮೇಲೆ ಟಕ್ ಟಕ್ ಸದ್ದಾಯಿತು.

ಹೆಲೆನ್. ಕತ್ತಿನಲ್ಲಿ ಓದುವ ಕನ್ನಡಕ, ಕೈಯಲ್ಲಿ ಫೈಲು. ಅವಳ ಕಣ್ಣು ಅನುರಾಧಾಳಿಂದ ವಸುಂಧರಾ ಅವರ ಒದ್ದೆ ಮುಖಕ್ಕೆ, ಅಲ್ಲಿಂದ ಮತ್ತೆ ಅನುರಾಧಾಳ ಕೈಯಲ್ಲಿದ್ದ ಹಣತೆಗೆ ಹೋಯಿತು. ಬಾಗಿಲು ತೆರೆಯದೆ, ಬೆರಳಿನಿಂದ ಗಡಿಯಾರ ತೋರಿಸಿ ಮುಂದೆ ಹೋದಳು.

ಅನುರಾಧಾ ಹಣತೆಯನ್ನು ಮೇಜಿನ ಮೇಲಿಟ್ಟು ಹೊರಟಳು. ಬಾಗಿಲಿನ ಹಿಡಿಗೆ ಕೈ ಹಾಕಿದಾಗ ಹಿಂದಿನಿಂದ ವಸುಂಧರಾ ಮೆಲ್ಲಗೆ ಕೇಳಿದರು.

“ಅವರ ಕೈ ಈಗ ಹ್ಯಾಂಗದರಿ?”

ಬಾಗಿಲಿನ ಹಿಡಿ ತಣ್ಣಗಿತ್ತು. ಅನುರಾಧಾಳಿಗೆ ಆ ತಣ್ಣನೆಯದೊಂದೇ ಗೊತ್ತಾಗುತ್ತಿತ್ತು. ಎಡ ಮಣಿಕಟ್ಟು. ಮಂಗಳವಾರ ಸಂಜೆ ಅವನು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದದ್ದು. ಗೋದಾಮಿನ ಯಂತ್ರ ಎಂದದ್ದು. ತುರ್ತು ವಿಭಾಗದಲ್ಲಿ ಸಾವಿರ ಸುಟ್ಟ ಗಾಯ ನೋಡಿ, ಹೇಗಾಯಿತು ನಿಜ ಹೇಳಿ ಎಂದು ರೋಗಿಗಳನ್ನು ಗದರುವವಳು ತನ್ನ ಗಂಡನನ್ನು ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಹತ್ತು ದಿನದಿಂದ ಸಾಕ್ಷ್ಯಕ್ಕೆ ತಾನೇ ಪಟ್ಟಿ ಕಟ್ಟುತ್ತಿದ್ದಳು.

ಅವಳು ಕಾರಿಡಾರಿನ ಮೂಲೆಗೆ ಹೋಗಿ ಹರಿಪ್ರಸಾದನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಎತ್ತಲಿಲ್ಲ. ಪೆನ್‌ರೋಸಿನ ಗೋದಾಮಿಗೇ ಮಾಡಿದಳು.

“ಹ್ಯಾರಿ? ಅವನು ಇವತ್ತು ರಜಾ ಹಾಕಿದ್ದಾನಲ್ಲ,” ಎಂದ ಸೂಪರ್‌ವೈಸರ್. “ನಿಮಗೆ ಹೇಳಿಲ್ಲವಾ?”

ಇಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೋಗಿದ್ದ. ಪಾಸ್‌ಪೋರ್ಟನ್ನೂ ಜೇಬಿಗೆ ಹಾಕಿಕೊಂಡಿದ್ದ.

ಗೊತ್ತಾದರೆ ಅವನ ಲೈಸೆನ್ಸಿನ ಅರ್ಜಿ ಅಲ್ಲಿಗೇ ಹರಿದುಹೋಗುತ್ತದೆ. ಲೈಸೆನ್ಸ್ ಇಲ್ಲದೆ ಶಾಲೆಯ ವೈರು ಮುಟ್ಟಿದವನ ಮೇಲೆ ಕೇಸೂ ಆಗಬಹುದು. ಅವನು ಮೋಸಗಾರನಲ್ಲ. ಯಾರಾದರೂ ಕರೆದರೆ ಇಲ್ಲ ಎನ್ನಲು ಬಾರದವನು, ಅಷ್ಟೇ. ಆದರೆ ಒಂದು ಮಗು ಹತ್ತು ದಿನದಿಂದ ಅವನ ತಪ್ಪಿಗೆ ಮನೆಯಲ್ಲಿ ಕೂತಿದೆ ಎಂದು ಅವನಿಗೆ ಗೊತ್ತಿತ್ತು. ರಾತ್ರಿ ಊಟದ ಹೊತ್ತಿನಲ್ಲಿ ‘ಆ ಹುಡುಗಿ ವಿಷಯ ಏನಾಯ್ತು’ ಎಂದು ಎರಡು ಸಲ ಕೇಳಿದ್ದ. ಅವಳು ಗುಟ್ಟಿನ ವಿಷಯ ಹೇಳಬಾರದೆಂದು ಮಾತು ಮರೆಸಿದ್ದಳು. ಅದೆಲ್ಲ ನೆನಪಾಗಿ ಅನುರಾಧಾಳಿಗೆ ಅಳು ಬಂತು. ಅಳಲು ಹೊತ್ತಿರಲಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಸ್ಟಾಫ್ ರೂಮಿನ ಬಾಗಿಲು ಹಾಕಿದರು.

ಉದ್ದ ಮೇಜಿನ ಒಂದು ಬದಿಗೆ ಮೂವರು: ನಡುವೆ ಹೆಲೆನ್, ಅತ್ತ ಟೆವಿತಾ, ಇತ್ತ ಅನುರಾಧಾ. ಎದುರಿಗೆ ಪ್ರಿನ್ಸಿಪಾಲ್. ಅವರ ಪಕ್ಕ ಇನ್ನೂ ಆಸ್ಪತ್ರೆಯ ಬ್ಯಾಡ್ಜ್ ಬಿಚ್ಚದ ಹರ್ಷಿಣಿ. ಅವಳಿಗೆ ಅಂಟಿಕೊಂಡು ಪೂರ್ವಿ, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ. ಅಮಾನತಾದವಳು ಯೂನಿಫಾರ್ಮ್ ಹಾಕಬೇಕಿರಲಿಲ್ಲ. ಯಾರೂ ಹೇಳದೆ ತಾನೇ ಹಾಕಿಕೊಂಡು ಬಂದಿದ್ದಳು. ಬಾಗಿಲ ಬಳಿಯ ಕುರ್ಚಿಯಲ್ಲಿ ವಸುಂಧರಾ ನೆಲ ನೋಡುತ್ತ ಕೂತಿದ್ದರು.

ಟೆವಿತಾ ಕಣ್ಣು ಮುಚ್ಚಿ, ಇಲ್ಲಿ ಸಭೆಗೆ ಮುಂಚೆ ಹೇಳುವ ಕರಕಿಯಾ ಹೇಳಿದ. ಕಟ್ಟಡ ಕೆಲಸದ ಸೈಟ್ ಮ್ಯಾನೇಜರ್ ಆದ ಅವನ ದೊಡ್ಡ ದನಿಯ ಪ್ರಾರ್ಥನೆ ಮಿಕ್ಕ ದಿನಗಳಲ್ಲಿ ಅನುರಾಧಾಳಿಗೆ ಸಮಾಧಾನ ಕೊಡುತ್ತಿತ್ತು. ಇವತ್ತು ಅದು ಬೇಗ ಮುಗಿಯದಿರಲಿ ಎಂದು ಬೇಡಿಕೊಂಡಳು. ಮುಗಿಯಿತು.

“ಮೊದಲ ವಿಷಯ,” ಎಂದಳು ಹೆಲೆನ್, ಪ್ರತಿ ಸಭೆಯಲ್ಲೂ ಓದುವ ಸಾಲನ್ನೇ ಓದುತ್ತ. “ಈ ಪ್ರಕರಣದಲ್ಲಿ ಸ್ವಂತ ಹಿತಾಸಕ್ತಿ ಇರುವವರು ಈಗಲೇ ಹೇಳಬೇಕು. ನನಗೆ ಇಲ್ಲ. ಟೆವಿತಾ?”

“ಇಲ್ಲ.”

“ಅನುರಾಧಾ?”

ಮೂರು ವರ್ಷದಿಂದ ಆ ಪ್ರಶ್ನೆಗೆ ಅವಳು ತಲೆಯೆತ್ತದೆ ‘ಇಲ್ಲ’ ಎಂದು ಬಿಸ್ಕತ್ತಿಗೆ ಕೈ ಚಾಚಿದ್ದಳು. ಹೆಲೆನ್‌ಳ ಕಣ್ಣು ಇವತ್ತು ಅವಳ ಮೇಲೇ ನೆಟ್ಟಿತ್ತು. ಒಂಬತ್ತನೆಯ ಕೋಣೆಯ ಗಾಜಿನಾಚೆ ಕಂಡದ್ದಕ್ಕೆ ಉತ್ತರ ಕೇಳುವ ನೋಟ ಅದು.

‘ಇಲ್ಲ’ ಎಂದರೆ ಇಲ್ಲೇ ಕೂತು ಪೂರ್ವಿಯ ಪರ ಓಟು ಹಾಕಬಹುದು. ಒಂದಕ್ಕೆ ಎರಡು, ಸೋಲುವ ಓಟು. ‘ಇದೆ’ ಎಂದರೆ ಯಾಕೆ ಎಂದು ಹೇಳಬೇಕು. ಹೇಳಿದರೆ ಹರಿಪ್ರಸಾದನ ಹೆಸರು ಈ ಮೇಜಿನ ಮೇಲೆ ಬೀಳುತ್ತದೆ.

ಪೂರ್ವಿ ಅವಳನ್ನೇ ನೋಡುತ್ತಿದ್ದಳು. ಬೇಡುವ ನೋಟವಲ್ಲ. ಇವರೂ ನಂಬುವುದಿಲ್ಲ ಎಂದು ಮೊದಲೇ ಗೊತ್ತಿದ್ದವಳ ನೋಟ.

ಅನುರಾಧಾ ಎದ್ದು ನಿಂತಳು.

“ಇದೆ,” ಎಂದಳು. “ನಾನು ಹೊರಗೆ ಹೋಗ್ತೀನಿ. ಆದ್ರೆ ಸಮಿತಿಯವಳಾಗಿ ಅಲ್ಲ, ಸಾಕ್ಷಿಯಾಗಿ ಒಂದು ಮಾತು ಹೇಳಿ ಹೋಗ್ತೀನಿ. ಹದಿನಾಲ್ಕನೇ ಪುಟ ತೆಗೀರಿ. ಅಲ್ಲಿರೋ ‘ಐ ಆ್ಯಮ್ ಕಮಿಂಗ್’ ಅನ್ನೋ ಮಾತು ಇಂಗ್ಲಿಷಲ್ಲಿ ಆಡಿದ್ದಲ್ಲ. ಅದು ಕನ್ನಡದ ಮಾತು. ನೀವೆಲ್ಲ ಅದನ್ನ ತಪ್ಪು ತಿಳ್ಕೊಂಡಿದೀರಿ.”

ವಸುಂಧರಾ ಮುಖ ಮುಚ್ಚಿಕೊಂಡರು. ಕಾಗದಗಳು ಸರಸರ ಮಗುಚಿದವು. ಹರ್ಷಿಣಿ ತಟ್ಟನೆ ಪುಟಕ್ಕೆ ಬಗ್ಗಿ ಓದಿದಳು. ಅವಳ ಬಾಯಿಂದ ‘ಅಯ್ಯೋ ದೇವರೇ’ ಎಂಬ ಉಸಿರು ಹೊರಟಿತು. ಅವಳಿಗೆ ವಿವರಿಸಬೇಕಾಗಿರಲಿಲ್ಲ.

“ತಪ್ಪು ಎಂದರೆ?” ಹೆಲೆನ್ ಕನ್ನಡಕ ಏರಿಸಿದಳು.

ಅನುರಾಧಾ ಉತ್ತರ ಹೇಳಲು ಉಸಿರೆಳೆದುಕೊಂಡಳು. ಆಸ್ಪತ್ರೆಯ ಕರೆಗೆಂದು ಫೈಲಿನ ಪಕ್ಕ ಇಟ್ಟುಕೊಂಡಿದ್ದ ಫೋನು ಬೆಳಗಿತು. ಹರಿಪ್ರಸಾದ.

‘ಅನು, ವಸುಂಧರಾ ಈಗ ಮೆಸೇಜ್ ಮಾಡಿದ್ರು. ನಿಂಗೆ ಎಲ್ಲಾ ಗೊತ್ತಾಯ್ತಂತೆ. ತಪ್ಪು ನಂದೇ. ಸಂಯುಕ್ತಾನ ನೋಡ್ಕೋ. ಬರ್ತೀನಿ.’

ಅವಳು ಇನ್ನೊಮ್ಮೆ ಓದಿದಳು. ಕೊನೆಯ ಪದವನ್ನು ಮತ್ತೊಮ್ಮೆ ಓದಿದಳು. ಜೇಬಿನಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡವನು ಬರೆದ ಪದ. ಶಾಲೆಯ ಗೇಟಿನಿಂದ ಬರೆದದ್ದೋ, ಏರ್‌ಪೋರ್ಟಿನ ಬಾಗಿಲಿನಿಂದ ಬರೆದದ್ದೋ.

“ಅನುರಾಧಾ, ನಮಗೆ ನಿಮ್ಮ ಭಾಷೆ ತಿಳಿಯದು,” ಎಂದಳು ಹೆಲೆನ್, ಪೆನ್ಸಿಲ್ ಹಿಡಿದು ಕಾಯುತ್ತ. “ಸ್ಪಷ್ಟವಾಗಿ ಹೇಳಿ. ಆ ಮಾತಿನ ಅರ್ಥ ಬರುತ್ತೇನೆ ಅಂತಲೋ, ಹೋಗುತ್ತೇನೆ ಅಂತಲೋ?”